ಟೆಲಿಫೋನಿನಲ್ಲಿ ಸಂಜ್ಞೆಯೂ ಮಾತೂ

ಕಳೆದ ಸಂಚಿಕೆಯಲ್ಲಿ ಅಡಿಗೆಮನೆಯ ಅನಿಲದ ಒಲೆಯ ವಿಚಾರವಾಗಿ ನಾಲ್ಕು ಮಾತು ಬರೆದು, ಈ ತಿಂಗಳು ಕುಡಿಯುವ ನೀರಿನ ಶೋಧನೆಯ ವಿಷಯವನ್ನು ಹೇಳುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಒಂದು ತಿಂಗಳ ಮಟ್ಟಿಗೆ ಮುಂದಕ್ಕೆ ಹಾಕುತ್ತಿರುವುದಕ್ಕಾಗಿ ವಾಚಕ ಮಹಾಶಯರು ಕ್ಷಮಿಸಬೇಕು. ನಡುವೆ ಒದಗಿದ ಒಂದು ಸಂಗತಿಯು ಬೇರೆಲ್ಲ ವಿಷಯಗಳನ್ನೂ ಹಿಂದಕ್ಕೆ ತಳ್ಳಿ, ತನ್ನನ್ನೇ ಮೊದಲು ಹೇಳಬೇಕೆಂದು ಹಠ ಹಿಡಿದು ಕುಳಿತಿದೆ.

ನಮ್ಮೊಡನೆ ಇಪ್ಪತ್ತು ವರ್ಷ ಒಂದೇ ಪಾಠಶಾಲೆಯಲ್ಲಿ ಗಣಿತವನ್ನು ಬೋಧಿಸಿದ ಮಿತ್ರರೊಬ್ಬರುಂಟು. ಲೆಕ್ಕದಲ್ಲಿ ಒಂದು ಕಾಸೂ ತಪ್ಪದ ಮನುಷ್ಯರು. ನಿವೃತ್ತರಾದ ಮೇಲೆಯೂ ಸಂಜೆ ಐದು ಗಂಟೆಗೆ ದೇವಸ್ಥಾನದ ಜಗಲಿಯ ಮೇಲೆ ನಮಗಾಗಿ ಕಾದಿರುವುದು ಅವರ ನಿಯಮ. ಈಚೆಗೆ ಹತ್ತು ಹನ್ನೆರಡು ದಿನ ಅವರು ಕಾಣಿಸಲೇ ಇಲ್ಲ. ದೇಹಸ್ಥಿತಿ ಸರಿಯಿಲ್ಲವೋ ಏನೋ ಎಂದು ಅವರ ಮನೆಗೆ ಹೋದೆವು. ದೇಹಕ್ಕೇನೂ ಆಗಿರಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಸೊಸೆ ಒಳಗೆ ಹೋದ ಮೇಲೆ ನಡೆದುದನ್ನು ಮೆಲ್ಲಗೆ ಹೇಳಿದರು.

ಒಂದು ಮಧ್ಯಾಹ್ನ ಅವರ ಫೋನಿಗೆ ಕರೆ ಬಂದಿತು. ಗಾಜಿನ ಮೇಲೆ ಮೂಡಿದ ನಂಬರು ಅವರ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದ್ದ ನಂಬರೇ. ಅದನ್ನು ಅವರು ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದುದರಿಂದ ಬ್ಯಾಂಕಿನ ಹೆಸರೂ ಮೂಡಿತು. ನಿಮ್ಮ ಖಾತೆಯಿಂದ ಯಾರೋ ಹಣ ತೆಗೆಯುತ್ತಿದ್ದಾರೆ, ತಡೆಯಬೇಕಾದರೆ ಈಗ ನಿಮಗೆ ಬರುವ ಆರು ಅಂಕೆಗಳನ್ನು ಹೇಳಿರಿ ಎಂದು ಆ ಕಡೆಯವನು ಬಹು ಮರ್ಯಾದೆಯಿಂದ ಕೇಳಿದನು. ಇವರು ಹೇಳಿದರು. ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಸಿಟ್ಟಿದ್ದ ೧,೫೦,೦೦೦ ರೂಪಾಯಿ ಹೊರಟುಹೋಯಿತು. ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ.

"ಪಂಡಿತರೇ, ಹೋದದ್ದು ಹೋಯಿತು. ಆದರೆ ನಂಬರು ಬ್ಯಾಂಕಿನದೇ ಆಗಿತ್ತಲ್ಲ! ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಅಂಕೆ ಓದುವುದರಲ್ಲಿ ತಪ್ಪಿದೆನೆ?" ಎಂದು ಅವರು ಕೇಳಿದ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು, ಗ್ರಂಥಗಳನ್ನು ತೆಗೆದು, ಬಲ್ಲವರನ್ನು ಕೇಳಿ ಒಂದು ತಿಂಗಳು ಈ ವಿಷಯವನ್ನೇ ವ್ಯಾಸಂಗ ಮಾಡಿದೆವು. ಅವರು ಅಂಕೆಗಳನ್ನು ಓದುವುದರಲ್ಲಿ ತಪ್ಪಿರಲಿಲ್ಲ. ಆ ಅಂಕೆಗಳನ್ನು ಬರೆದವರು ಯಾರೆಂಬುದೇ ಬೇರೆ ಪ್ರಶ್ನೆ. ಅದು ತಿಳಿಯಬೇಕಾದರೆ ಟೆಲಿಫೋನಿನಲ್ಲಿ ಮಾತು ಹೇಗೆ ಸಾಗುತ್ತದೆಂಬುದಕ್ಕಿಂತ, ಮಾತಿಗೆ ಮೊದಲು ಸಾಗುವ ಸಂಜ್ಞೆಯು ಹೇಗೆ ಸಾಗುತ್ತದೆಂಬುದನ್ನು ತಿಳಿಯಬೇಕು.

ನಾವು ಫೋನಿನಲ್ಲಿ ಕೇಳುವುದು ಮಾತೊಂದನ್ನೇ. ಆದರೆ ಆ ಮಾತು ನಡೆಯಬೇಕಾದರೆ, ಇಂಥವನು ಇಂಥವನನ್ನು ಕರೆಯುತ್ತಿದ್ದಾನೆ, ಆ ಕಡೆಯ ಗಂಟೆ ಬಾರಿಸು, ಅವನು ಬೇರೊಬ್ಬನೊಡನೆ ಮಾತಿನಲ್ಲಿದ್ದಾನೆ, ಅವನು ಉತ್ತರ ಕೊಟ್ಟನು, ಈಗ ಮಾತು ಮುಗಿಯಿತು, ದಾರಿಯನ್ನು ಬಿಡಿಸು ಎಂದು ಯಾರಾದರೂ ಯಾರಿಗಾದರೂ ತಿಳಿಸುತ್ತಲೇ ಇರಬೇಕು. ಇವುಗಳಿಗೆಲ್ಲ ಸೇರಿ ಸಂಜ್ಞೆಯೆಂದು ಹೆಸರು. ಸಂಸ್ಕೃತ ವ್ಯಾಕರಣವನ್ನು ಸ್ವಲ್ಪ ಅಭ್ಯಾಸ ಮಾಡಿದವರಿಗೆ ಇದು ಹೊಸದಲ್ಲ. ಪಾಣಿನಿಯು ಪ್ರತ್ಯಯಗಳಿಗೆ 'ಇತ್' ಎಂಬ ಕೆಲವು ಅಕ್ಷರಗಳನ್ನು ಅಂಟಿಸುತ್ತಾನೆ. 'ತ್ಯಜ್' ಎಂಬ ಧಾತುವಿಗೆ 'ಘಞ್' ಎಂಬ ಪ್ರತ್ಯಯ ಸೇರಿದರೆ 'ತ್ಯಾಗ'ವಾಗುವುದಷ್ಟೆ. ಞಕಾರವು ಧಾತುವಿನ ಅಕಾರವನ್ನು ದೀರ್ಘ ಮಾಡಿತು. ಘಕಾರವು ಜಕಾರವನ್ನು ಗಕಾರ ಮಾಡಿತು. ಕೆಲಸ ಮುಗಿಯಿತೆಂದು ಎರಡೂ ಮಾಯವಾದುವು. ಪ್ರತ್ಯಯದಲ್ಲಿ ಉಳಿದದ್ದು ಅಕಾರವೊಂದೇ. ಉಚ್ಚಾರಣೆಗೆ ಬಾರದೆ ಅಪ್ಪಣೆಯನ್ನು ಮಾತ್ರ ಕೊಟ್ಟು ಮರೆಯಾಗುವ ಈ ಅಕ್ಷರಗಳಂತೆಯೇ ಟೆಲಿಫೋನಿನ ಸಂಜ್ಞೆಗಳು.

ಮೊಟ್ಟಮೊದಲು ಈ ಸಂಜ್ಞೆಗಳನ್ನು ಹೊತ್ತವರು ಮನುಷ್ಯರೇ. ನಮ್ಮ ದೇಶದಲ್ಲಿ ೧೮೮೨ನೆಯ ಇಸವಿ ಜನವರಿಯಲ್ಲಿ ಕಲ್ಕತ್ತೆಯ ಟೆಲಿಫೋನ್ ಎಕ್ಸ್‌ಚೇಂಜು ೯೩ ಮಂದಿ ಚಂದಾದಾರರೊಡನೆ ಆರಂಭವಾಯಿತು. ಬೊಂಬಾಯಿ ಮದರಾಸುಗಳಲ್ಲಿಯೂ ಆಗಲೇ. ಆ ಕಾಲದ ಪದ್ಧತಿಯಲ್ಲಿ ಚಂದಾದಾರನು ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಅವನ ನಂಬರಿನ ಸಣ್ಣ ಮುಚ್ಚಳವೊಂದು ಕಳಚಿ ಬೀಳುವುದು. ಅದನ್ನು ಕಂಡ ಆಪರೇಟರು ತಂತಿಯನ್ನು ಸಿಕ್ಕಿಸಿ, ಯಾರು ಬೇಕೆಂದು ಕೇಳಿ, ಬೇಕಾದವರಿಗೆ ಜೋಡಿಸುವುದು. ಬಹು ಕಾಲದ ಮೇಲೆ, ನಮ್ಮ ಬಾಲ್ಯದಲ್ಲಿ ಕೂಡ, ಸಣ್ಣ ಊರುಗಳಲ್ಲಿ ಟ್ರಂಕ್ ಕಾಲಿಗೆ ಹೆಸರು ಬರೆಸಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾದದ್ದುಂಟು. ಆಪರೇಟರು ಊರವರ ಧ್ವನಿಯನ್ನು ಬಲ್ಲವರು. "ಡಾಕ್ಟರು ಪೇಟೆಗೆ ಹೋದರು, ಸಂಜೆ ಮಾಡಿ" ಎಂದು ತಾವೇ ಹೇಳುವರು. ಅಲ್ಲಿ ಸಂಜ್ಞೆಗೆ ಕಣ್ಣು ಕಿವಿಗಳಿದ್ದುವು.

ಆದರೆ ಮನುಷ್ಯನಲ್ಲಿ ಪಕ್ಷಪಾತವೂ ಉಂಟು. ಅಮೆರಿಕದ ಕಾನ್ಸಾಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತನು, ಮೊದಲು ನಮ್ಮಂತೆಯೇ ಉಪಾಧ್ಯಾಯನಾಗಿದ್ದು, ಆಮೇಲೆ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ವೃತ್ತಿಯನ್ನು ಹಿಡಿದನು. ತನ್ನನ್ನು ಕೇಳಿ ಬರುವ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರು ತನ್ನ ಪ್ರತಿಸ್ಪರ್ಧಿಗೆ ಜೋಡಿಸುತ್ತಿರುವರೆಂಬ ಸಂಶಯ ಅವನಿಗೆ ಬಂದಿತಂತೆ. ಆಪರೇಟರೇ ಇಲ್ಲದ ಎಕ್ಸ್‌ಚೇಂಜನ್ನು ಕಲ್ಪಿಸಿ ೧೮೯೧ರಲ್ಲಿ ಪೇಟೆಂಟು ಪಡೆದನು. ೧೮೯೨ರಲ್ಲಿ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬಲ್ಲಿ ಅದು ಕೆಲಸ ಮಾಡತೊಡಗಿತು. ಮನುಷ್ಯನನ್ನು ನಂಬಲಾರದೆ ಯಂತ್ರವನ್ನು ನಂಬಿದ ಕಥೆ ಇಲ್ಲಿಂದ ಆರಂಭ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಇದೇ ಸ್ಟ್ರೌಜರ್ ಪದ್ಧತಿಯ ಎಕ್ಸ್‌ಚೇಂಜುಗಳನ್ನೂ, ನಮ್ಮಲ್ಲಿ ಅನೇಕರು ಕಂಡಿರುವ ಕಪ್ಪು ಫೋನುಗಳನ್ನೂ ಬಹು ಕಾಲ ತಯಾರಿಸಿತು.

ಆ ಕಪ್ಪು ಫೋನಿನ ಸಂಜ್ಞಾಕ್ರಮವು ಬಹು ಸರಳ. ಕೈಫೋನನ್ನು ಎತ್ತಿದೊಡನೆ ಅದರ ಕೆಳಗಿನ ಗುಂಡಿ ಮೇಲೆದ್ದು ತಂತಿಯ ಮಂಡಲ ಪೂರ್ಣವಾಗಿ ವಿದ್ಯುತ್ತು ಹರಿಯುವುದು. ಎಕ್ಸ್‌ಚೇಂಜಿಗೆ ಅದೇ 'ಎತ್ತಿದನು' ಎಂಬ ಸೂಚನೆ. ಅದು 'ಹೇಳು' ಎಂಬಂತೆ ಗುಂಯ್ ಎಂಬ ನಾದವನ್ನು ಕಳುಹಿಸುವುದು. ಆಮೇಲೆ ನಾವು ಚಕ್ರವನ್ನು ತಿರುಗಿಸಿ ಬಿಟ್ಟರೆ, ಅದು ಹಿಂದಿರುಗುವಾಗ ಸೆಕೆಂಡಿಗೆ ಸುಮಾರು ಹತ್ತರಂತೆ ಆ ವಿದ್ಯುತ್ತನ್ನು ತುಂಡರಿಸುವುದು: ಮೂರಕ್ಕೆ ಮೂರು ತುಂಡು, ಏಳಕ್ಕೆ ಏಳು, ಸೊನ್ನೆಗೆ ಹತ್ತು. ತುಂಡಿಗೊಂದು ಮೆಟ್ಟಿಲಿನಂತೆ ಎಕ್ಸ್‌ಚೇಂಜಿನ ಯಂತ್ರವು ಹತ್ತಿ ಬೇಕಾದ ತಂತಿಯನ್ನು ಮುಟ್ಟುವುದು.

ಇಲ್ಲಿ ನಮ್ಮ ಸ್ವಂತ ಅನುಭವವೊಂದನ್ನು ಹೇಳದೆ ಇರಲಾರೆವು. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ಟರು ಕಚೇರಿಯ ಫೋನಿನ ಚಕ್ರಕ್ಕೆ ಸಣ್ಣ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಆದರೂ ತಿಂಗಳ ಬಿಲ್ಲು ಇಳಿಯಲಿಲ್ಲ. ಒಂದು ದಿನ ಹತ್ತನೆಯ ತರಗತಿಯ ಹುಡುಗನೊಬ್ಬನು ಸಿಕ್ಕಿಬಿದ್ದನು. ಅವನು ಚಕ್ರವನ್ನು ಮುಟ್ಟಿಯೇ ಇರಲಿಲ್ಲ. ಫೋನಿನ ಗುಂಡಿಯನ್ನು ಬೆರಳಿನಿಂದ ಮೂರು ಸಲ, ಐದು ಸಲ, ಎರಡು ಸಲ ಎಂದು ಚಕಚಕನೆ ಒತ್ತಿ ನಂಬರನ್ನು ಕಳುಹಿಸುತ್ತಿದ್ದನು. ವಿದ್ಯುತ್ತು ತುಂಡಾದರೆ ಸಾಕು. ಚಕ್ರ ತುಂಡರಿಸಿತೋ ಹುಡುಗನ ಬೆರಳು ತುಂಡರಿಸಿತೋ ಎಂದು ಎಕ್ಸ್‌ಚೇಂಜು ವಿಚಾರಿಸುವುದಿಲ್ಲ. ಆಗ ಆ ಹುಡುಗನಿಗೆ ಎರಡು ಏಟು ಬಿದ್ದುವು. ಆದರೆ ಈ ಲೇಖನದ ಸಾರವೆಲ್ಲ ಅವನ ಬೆರಳಿನ ತುದಿಯಲ್ಲಿತ್ತೆಂದು ನಮಗೆ ತಿಳಿದದ್ದು ಈಗ. ಸಂಜ್ಞೆ ಹೇಳಿದುದನ್ನು ಯಂತ್ರವು ನಂಬುತ್ತದೆ. ಹೇಳಿದವನು ಯಾರೆಂದು ಕೇಳುವುದಿಲ್ಲ.

ಹುಡುಗನದು ಊರೊಳಗಿನ ಆಟವಾಯಿತು. ಇನ್ನು ಊರೂರುಗಳ ನಡುವಣ ವಿಷಯಕ್ಕೆ ಬರೋಣ. ದೂರದ ದಾರಿಗಳಲ್ಲಿ ಒಂದೇ ತಂತಿಯ ಮೇಲೆ ಅನೇಕ ಸಂಭಾಷಣೆಗಳನ್ನು ಒಟ್ಟಿಗೆ ಸಾಗಿಸುವುದರಿಂದ, ವಿದ್ಯುತ್ತನ್ನು ತುಂಡರಿಸಿ ತಿಳಿಸುವ ಉಪಾಯ ಅಲ್ಲಿ ನಡೆಯದು. ಆದಕಾರಣ ಸಂಜ್ಞೆಗಳನ್ನೂ ಮಾತಿನಂತೆಯೇ ನಾದವಾಗಿ ಮಾಡಿ, ಮಾತು ಹೋಗುವ ದಾರಿಯಲ್ಲಿಯೇ ಕಳುಹಿಸಿದರು. ಅಮೆರಿಕದಲ್ಲಿ ಎರಡು ಎಕ್ಸ್‌ಚೇಂಜುಗಳ ನಡುವಣ ದಾರಿ ಖಾಲಿಯಿದ್ದರೆ ಅದರಲ್ಲಿ ಸೆಕೆಂಡಿಗೆ ೨೬೦೦ ಸ್ಪಂದನಗಳ ನಾದವೊಂದು ಇರುತ್ತಿತ್ತು. ನಾದವಿದ್ದರೆ ದಾರಿ ಖಾಲಿ. ನಿಂತರೆ ಕರೆ ಬಂದಿದೆ.

ಜೋ ಎಂಗ್ರೆಸಿಯಾ ಎಂಬ ಹುಟ್ಟುಕುರುಡ ಬಾಲಕನೊಬ್ಬನಿದ್ದನು. ಅವನಿಗೆ ಶ್ರುತಿಜ್ಞಾನವು ಸಹಜವಾಗಿ ಬಂದಿತ್ತು. ಏಳೆಂಟು ವರ್ಷದವನಿದ್ದಾಗ ಫೋನಿನಲ್ಲಿ ಒಂದು ಶ್ರುತಿಯಲ್ಲಿ ಶಿಳ್ಳೆ ಹಾಕಿದರೆ ಕರೆ ಕಡಿದುಹೋಗುವುದನ್ನು ಕಂಡುಕೊಂಡನು. ಆ ಶ್ರುತಿಯೇ ೨೬೦೦. ಆ ಕಡೆಯ ಎಕ್ಸ್‌ಚೇಂಜು ಶಿಳ್ಳೆಯನ್ನು ಕೇಳಿ, ಕರೆದವನು ಫೋನನ್ನು ಇಟ್ಟನು, ದಾರಿ ಖಾಲಿಯಾಯಿತು ಎಂದು ತಿಳಿಯುವುದು. ಶಿಳ್ಳೆ ನಿಂತರೆ ಹೊಸ ಕರೆ ಬಂದಿತೆಂದು ತಿಳಿಯುವುದು. ಆಗ ಬೇಕಾದ ನಂಬರಿನ ನಾದಗಳನ್ನು ಕಳುಹಿಸಿದರೆ ಎಲ್ಲಿಗೆ ಬೇಕಾದರೂ ಸಂಪರ್ಕ ಸಿಕ್ಕುವುದು. ಈ ಕಡೆಯ ಎಕ್ಸ್‌ಚೇಂಜಾದರೋ ಹಳೆಯ ಪುಕ್ಕಟೆ ಕರೆಯೇ ಇನ್ನೂ ನಡೆಯುತ್ತಿದೆಯೆಂದು ಲೆಕ್ಕ ಬರೆದುಕೊಂಡಿರುವುದು. ಈ ನಾದಗಳನ್ನು ಹೊರಡಿಸಲು ಕೆಲವರು 'ನೀಲಿ ಪೆಟ್ಟಿಗೆ' ಎಂಬ ಉಪಕರಣವನ್ನೇ ಮಾಡಿದರು. ೧೯೭೧ರ ಅಕ್ಟೋಬರಿನಲ್ಲಿ ಎಸ್ಕ್ವೈರ್ ಎಂಬ ಪತ್ರಿಕೆಯು ಈ ಗುಟ್ಟನ್ನು ಲೋಕಕ್ಕೆ ತಿಳಿಸಿತು. ಅದನ್ನು ಓದಿ ಪೆಟ್ಟಿಗೆ ಕಟ್ಟಿ ಮಾರಿದ ತರುಣರಲ್ಲಿ, ಮುಂದೆ ಆ್ಯಪಲ್ ಸಂಸ್ಥೆಯನ್ನು ಸ್ಥಾಪಿಸಿದ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಇಬ್ಬರೂ ಇದ್ದರು.

ದೋಷವೆಲ್ಲಿತ್ತು? ಮಾತೂ ಸಂಜ್ಞೆಯೂ ಒಂದೇ ದಾರಿಯಲ್ಲಿ ನಡೆದುದರಲ್ಲಿ. ಪಾಣಿನಿಯ ಇತ್ ಅಕ್ಷರಗಳು ಶಾಸ್ತ್ರದೊಳಗೆ ಮಾತ್ರವಿದ್ದು, ಆಡುವ ಮಾತಿಗೆ ಬಾರದಿರುವುದರಿಂದಲೇ ಭಾಷೆ ಕ್ಷೇಮವಾಗಿದೆ. ದಾರಿಹೋಕನೊಬ್ಬನು ಮಾತಿನ ನಡುವೆ ಞಕಾರವನ್ನು ಉಚ್ಚರಿಸಿದ ಮಾತ್ರಕ್ಕೆ ಎಲ್ಲರ ಹ್ರಸ್ವಗಳೂ ದೀರ್ಘಗಳಾಗುವ ಹಾಗಿದ್ದರೆ ಗತಿಯೇನು? ಇದನ್ನು ಕಂಡುಕೊಂಡ ತಜ್ಞರು ಮಾತಿಗೊಂದು ದಾರಿ, ಸಂಜ್ಞೆಗೊಂದು ದಾರಿ ಎಂದು ಬೇರ್ಪಡಿಸಿದರು. ಅಮೆರಿಕದಲ್ಲಿ ೧೯೭೬ರಲ್ಲಿ ಇಂಥ ಏರ್ಪಾಡು ಆರಂಭವಾಯಿತು; ೧೯೮೦ರಲ್ಲಿ ಅಂತರರಾಷ್ಟ್ರೀಯ ಸಮಿತಿಯವರು ಏಳನೆಯ ಸಂಜ್ಞಾಪದ್ಧತಿಯೆಂಬುದನ್ನು ನಿರೂಪಿಸಿದರು. ಎಸ್‌ಎಸ್ ಸೆವೆನ್ ಎಂದು ಲೋಕದಲ್ಲಿ ಹೆಸರಾದದ್ದು ಇದೇ.

ಇದರ ನಡೆ ಹೀಗೆ. ಶಿವಮೊಗ್ಗದ ಗೃಹಸ್ಥನೊಬ್ಬನು ಮಂಗಳೂರಿನ ಅಳಿಯನಿಗೆ ಫೋನು ಮಾಡಿದನೆನ್ನೋಣ. ಮೊದಲು ಮಾತಿನ ದಾರಿಯೊಳಗೆ ಏನೂ ಹೋಗದು. ಸಂಜ್ಞೆಯ ದಾರಿಯಲ್ಲಿ ಒಂದು ಸಣ್ಣ ಓಲೆ ಹೊರಡುವುದು: ಕರೆಯಬೇಕಾದ ನಂಬರು ಇದು, ಕರೆಯುವವನ ನಂಬರು ಇದು, ಮಾತಿಗಾಗಿ ಇಂಥ ದಾರಿಯನ್ನು ಕಾದಿರಿಸಿದೆ ಎಂದು. ಮಂಗಳೂರಿನ ಎಕ್ಸ್‌ಚೇಂಜು ಅಳಿಯನ ಫೋನು ಬಿಡುವಾಗಿದೆಯೇ ಎಂದು ನೋಡಿ, 'ವಿಳಾಸ ಸರಿಯಾಗಿದೆ, ಗಂಟೆ ಬಾರಿಸುತ್ತಿದ್ದೇನೆ' ಎಂದು ಮಾರೋಲೆ ಕಳುಹಿಸುವುದು. ಅಳಿಯನು ಎತ್ತಿದರೆ 'ಉತ್ತರ ಬಂದಿತು' ಎಂಬ ಓಲೆ, ಲೆಕ್ಕ ಆಗಿನಿಂದ. ಇಟ್ಟರೆ 'ಬಿಡಿಸು' ಎಂಬ ಓಲೆ, ಅದಕ್ಕೆ 'ಬಿಡಿಸಿದೆ' ಎಂಬ ಒಪ್ಪಿಗೆ. ಅಳಿಯನು ಬೇರೆ ಮಾತಿನಲ್ಲಿದ್ದರೆ ಅಲ್ಲಿಂದಲೇ ಹಿಂದಿರುಗುವ ಓಲೆ ಬರುವುದರಿಂದ ದಾರಿಯುದ್ದವೂ ವ್ಯರ್ಥವಾಗಿ ಹಿಡಿದಿಡಬೇಕಾಗಿಲ್ಲ. ಓಲೆಗಳನ್ನು ಹಂಚುವ ಠಾಣೆಗಳನ್ನು ಜೋಡಿಜೋಡಿಯಾಗಿ ಇಟ್ಟಿರುವರು. ಒಂದು ಕೆಟ್ಟರೆ ಇನ್ನೊಂದು ನಡೆಸುವುದು. ಈ ಓಲೆಗಳನ್ನು ಬರೆಯುವುದೂ ಓದುವುದೂ ಗಣಕಯಂತ್ರವುಳ್ಳ ಎಕ್ಸ್‌ಚೇಂಜಿನ ಕೆಲಸ. ಗಣಕದಿಂದ ನಡೆಯುವ, ಹಳ್ಳಿಯ ಬಿಸಿಲು ಧೂಳುಗಳನ್ನು ತಾಳಿಕೊಳ್ಳುವ ಸಣ್ಣ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆಯವರು ನಿರ್ಮಿಸಿ, ಮೊದಲನೆಯದನ್ನು ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲಿ ಇರಿಸಿದರೆಂಬುದು ಕನ್ನಡಿಗರು ಅಭಿಮಾನ ಪಡತಕ್ಕ ಸಂಗತಿ.

ಶಿಳ್ಳೆಯವರ ಬಾಯಿ ಇದರಿಂದ ಮುಚ್ಚಿತು. ಆದರೆ ಬೇರೆ ದಾರಿಯಲ್ಲಿ ನಡೆಯುವ ಓಲೆಗೂ ಕೇಡು ತಪ್ಪಿದ್ದಲ್ಲ. ೧೯೯೦ನೆಯ ಇಸವಿ ಜನವರಿ ೧೫ರಂದು ಅಮೆರಿಕದ ಒಂದು ಎಕ್ಸ್‌ಚೇಂಜು ಕ್ಷಣಕಾಲ ನಿಂತು ಮತ್ತೆ ಸರಿಯಾಗಿ, ನೆರೆಯವುಗಳೊಡನೆ ಪುನಃ ಓಲೆಗಳ ವ್ಯವಹಾರವನ್ನು ತೊಡಗಿತು. ಆದೇಶಾವಳಿಯಲ್ಲಿದ್ದ ಒಂದು ಸಣ್ಣ ತಪ್ಪಿನಿಂದ, ಒಂದರ ಹಿಂದೆಯೇ ಬಂದ ಎರಡು ಓಲೆಗಳು ನೆರೆಯ ಎಕ್ಸ್‌ಚೇಂಜನ್ನು ಕೆಡವಿದುವು; ಅದು ಎದ್ದು ಅದೇ ರೀತಿ ಓಲೆ ಕಳುಹಿಸಿ ತನ್ನ ನೆರೆಯದನ್ನು ಕೆಡವಿತು. ಹೀಗೆ ೧೧೪ ಎಕ್ಸ್‌ಚೇಂಜುಗಳ ಜಾಲವು ಸುಮಾರು ಒಂಬತ್ತು ಗಂಟೆಗಳ ಕಾಲ ಬೀಳುತ್ತ ಏಳುತ್ತ ಇತ್ತು. ಯಾರ ದ್ರೋಹವೂ ಅಲ್ಲಿರಲಿಲ್ಲ. ಬಂದ ಓಲೆಯನ್ನು ನಂಬುವುದೇ ಯಂತ್ರದ ಸ್ವಭಾವವಾಯಿತು.

ಇನ್ನು ಕೈಯಲ್ಲಿ ಹಿಡಿಯುವ ಮೊಬೈಲು ಫೋನಿಗೆ ಬರೋಣ. ತಂತಿಯ ಫೋನು ಗೋಡೆಗೆ ಕಟ್ಟಿದ ಹಸುವಿದ್ದಂತೆ, ಎಲ್ಲಿದೆಯೆಂದು ಹುಡುಕಬೇಕಾಗಿಲ್ಲ. ಮೊಬೈಲಾದರೋ ಮೇಯುತ್ತ ಅಲೆಯುವುದು. ಆದುದರಿಂದ ಪ್ರತಿಯೊಂದು ಕಂಪನಿಯೂ ತನ್ನ ಚಂದಾದಾರರ ಒಂದು ದಪ್ತರವನ್ನಿಟ್ಟು, ಇಂಥವನು ಈಗ ಇಂಥ ಪ್ರಾಂತದಲ್ಲಿದ್ದಾನೆಂದು ಬರೆದುಕೊಳ್ಳುತ್ತಿರುವುದು. ನಾವು ಕಾಶಿಗೆ ಹೋದರೂ, ಮಗನನ್ನು ನೋಡಲು ವಿದೇಶಕ್ಕೆ ಹೋದರೂ, ಅಲ್ಲಿಯ ಕಂಪನಿಯು 'ನಿಮ್ಮವನು ಈಗ ನಮ್ಮಲ್ಲಿದ್ದಾನೆ' ಎಂದು ನಮ್ಮ ಕಂಪನಿಗೆ ಓಲೆ ಕಳುಹಿಸುವುದು. ಆ ಮೇಲೆ ನಮಗೆ ಬರುವ ಕರೆಗಳು ಅಲ್ಲಿಗೇ ಹೋಗುವುವು. ಫೋನಿನಲ್ಲಿ ಬರುವ ಸಣ್ಣ ಸಂದೇಶಗಳಿವೆಯಷ್ಟೆ, ಅವು ಹೋಗುವುದಕ್ಕೆ ಏರ್ಪಡಿಸಿದುದೂ ಮಾತಿನ ದಾರಿಯಲ್ಲಿ ಅಲ್ಲ, ಈ ಸಂಜ್ಞೆಗಳ ದಾರಿಯಲ್ಲಿಯೇ. ಓಲೆ ಸಣ್ಣದಾದುದರಿಂದ ಒಂದು ಸಂದೇಶದಲ್ಲಿ ಇಂಗ್ಲಿಷಿನ ೧೬೦ ಅಕ್ಷರಗಳು ಮಾತ್ರ ಹಿಡಿಯುವುವು. ನಮ್ಮ ಕನ್ನಡದಲ್ಲಿ ಗುಣಿತದ ಚಿಹ್ನೆಗಳನ್ನೂ ಸೇರಿಸಿ ೭೦ ಮಾತ್ರ. ಬ್ಯಾಂಕಿನವರು ಕಳುಹಿಸುವ ಆರು ಅಂಕೆಗಳು ಹೆಚ್ಚಾಗಿ ಇಂಥ ಓಲೆಯ ಬೆನ್ನೇರಿ ಬರುವಂಥವೇ.

ಏಳನೆಯ ಪದ್ಧತಿಯನ್ನು ರಚಿಸಿದ ಕಾಲದಲ್ಲಿ ಲೋಕದ ಟೆಲಿಫೋನು ಸಂಸ್ಥೆಗಳು ಕೆಲವೇ, ಬಹುಮಟ್ಟಿಗೆ ಸರ್ಕಾರದವು, ಎಲ್ಲರೂ ಎಲ್ಲರನ್ನೂ ಬಲ್ಲವರು. ಹಿಂದಿನ ಅಗ್ರಹಾರದ ಮನೆಗಳಂತೆ ಹಗಲಿನಲ್ಲಿ ಯಾರೂ ಅಗಣಿ ಹಾಕುತ್ತಿರಲಿಲ್ಲ. ಆಮೇಲೆ ನೂರಾರು ಹೊಸ ಕಂಪನಿಗಳು ಅದೇ ಬೀದಿಗೆ ಬಂದುವು. ಬಾಗಿಲುಗಳು ಮಾತ್ರ ಹಾಗೆಯೇ ಉಳಿದುವು. ೨೦೧೪ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಸಮ್ಮೇಳನದಲ್ಲಿ ಇಬ್ಬರು ತಜ್ಞರು, ಈ ಜಾಲದೊಳಕ್ಕೆ ಹೇಗಾದರೂ ಕಾಲಿಟ್ಟವನು ಸುಳ್ಳು ಓಲೆಯಿಂದ ಇತರರ ಕರೆಗಳನ್ನು ತಿರುಗಿಸಬಹುದೆಂದು ತೋರಿಸಿದರು. ೨೦೧೭ರಲ್ಲಿ ಅದು ನಿಜವಾಯಿತು. ಜರ್ಮನಿಯಲ್ಲಿ ಕಳ್ಳರು ಮೊದಲು ಕೆಲವರ ಬ್ಯಾಂಕಿನ ಗುಪ್ತಪದಗಳನ್ನು ಕದ್ದು, ಆಮೇಲೆ ಸಂಜ್ಞೆಯ ಜಾಲದಲ್ಲಿ ಸುಳ್ಳು ಓಲೆಗಳನ್ನು ಕಳುಹಿಸಿದರು. ಗುಪ್ತ ಸಂಖ್ಯೆಯ ಸಂದೇಶಗಳು ಕಳ್ಳರ ಕೈಗೆ ಹೋದುವು. ಹಣವೂ ಹಿಂದೆಯೇ ಹೋಯಿತು. ಆ ಜನರು ಯಾರಿಗೂ ಬಾಯಿ ಬಿಟ್ಟು ಒಂದು ಅಂಕೆಯನ್ನೂ ಹೇಳಿರಲಿಲ್ಲ.

ನಮ್ಮ ಮಿತ್ರರಿಗೆ ಆದ ಮೋಸವು ಇಷ್ಟು ಕುಶಲದ್ದಲ್ಲ; ಇದಕ್ಕಿಂತ ಬಹಳ ಸುಲಭವಾದದ್ದು. ಮೊದಲ ಓಲೆಯಲ್ಲಿ ಎರಡು ನಂಬರುಗಳಿರುವುವೆಂದು ಹೇಳಿದೆವಷ್ಟೆ. ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವಾಗ ಮೇಲೆ 'ಇಂದ' ಎಂದೂ ಕೆಳಗೆ 'ಗೆ' ಎಂದೂ ಬರೆಯಿಸುತ್ತಿದ್ದೆವು. ಈ ಓಲೆಯೂ ಹಾಗೆಯೇ. 'ಗೆ' ಎಂಬಲ್ಲಿ ತಪ್ಪು ಬರೆದರೆ ಪತ್ರ ಮುಟ್ಟುವುದೇ ಇಲ್ಲ. 'ಇಂದ' ಎಂಬಲ್ಲಿ ಮೈಸೂರು ಮಹಾರಾಜರೆಂದು ಬರೆದರೂ ಅಂಚೆಯವನು ತಂದು ಕೊಡುತ್ತಾನೆ. ಅದನ್ನು ಪರೀಕ್ಷಿಸುವುದು ಅವನ ಕೆಲಸವಲ್ಲ. ಕರೆಯು ಒಬ್ಬ ಸಾಮಾನ್ಯ ಚಂದಾದಾರನ ಮನೆಯಿಂದ ಹೊರಟರೆ 'ಇಂದ' ಎಂಬುದನ್ನು ಎಕ್ಸ್‌ಚೇಂಜೇ ತುಂಬುವುದು. ಅಲ್ಲಿ ಸುಳ್ಳಿಗೆ ಎಡೆ ಕಡಿಮೆ. ಆದರೆ ದೊಡ್ಡ ಕಚೇರಿಗಳು ತಮ್ಮದೇ ಒಳಗಿನ ಎಕ್ಸ್‌ಚೇಂಜನ್ನು ಇಟ್ಟುಕೊಂಡಿರುವಲ್ಲಿ ಈ ನಂಬರನ್ನು ಆ ಕಚೇರಿಯ ಯಂತ್ರವೇ ಬರೆದು ಕೊಡುವುದು. ಅಂತರ್ಜಾಲದ ಮೂಲಕ ಹೊರಡುವ ಕರೆಗಳಲ್ಲಿ 'ಸಿಪ್' ಎಂಬ ಬೇರೆ ಸಂಜ್ಞಾಪದ್ಧತಿಯಿದೆ. ಅದರ ಮೊದಲ ಓಲೆಯು ಆಹ್ವಾನಪತ್ರಿಕೆ. ಅದರಲ್ಲಿಯೂ 'ಇಂದ' ಎಂಬುದನ್ನು ಆಹ್ವಾನಿಸುವವನೇ ಬರೆಯುವನು. ಮೊದಲ ಕಂಪನಿಯು ಪರೀಕ್ಷಿಸದೆ ಒಪ್ಪಿಕೊಂಡರೆ ಮುಂದಿನವುಗಳು ಅದನ್ನು ಹಾಗೆಯೇ ದಾಟಿಸುವುವು. ಕೊನೆಗೆ ಅದು ನಮ್ಮ ಫೋನಿನ ಗಾಜಿನ ಮೇಲೆ ಮೂಡುವುದು. ನಮ್ಮ ಫೋನು ಆ ಅಂಕೆಗಳನ್ನು ನಾವೇ ಬರೆದಿಟ್ಟ ಪಟ್ಟಿಯೊಡನೆ ಹೋಲಿಸಿ, ಬ್ಯಾಂಕೆಂದು ಹೆಸರನ್ನೂ ಹೇಳಿಬಿಡುವುದು. ಕಳ್ಳನು ಬರೆದ ಸುಳ್ಳಿಗೆ ನಮ್ಮ ಮನೆಯ ಫೋನೇ ಮುದ್ರೆಯೊತ್ತಿದಂತಾಯಿತು.

ಪ್ರತೀಕಾರವಿಲ್ಲವೆ ಎಂದರೆ, ಉಂಟು, ಆದರೆ ಅರೆಯಾಗಿ. ಅಮೆರಿಕದಲ್ಲಿ ೨೦೨೧ರಿಂದ ದೊಡ್ಡ ಕಂಪನಿಗಳು ಅಂತರ್ಜಾಲ ಪದ್ಧತಿಯ ಕರೆಗಳಲ್ಲಿ 'ಇಂದ' ಎಂಬುದಕ್ಕೆ ರಹಸ್ಯಲಿಪಿಯ ಸಹಿಯನ್ನು ಹಾಕಬೇಕೆಂದು ವಿಧಿಸಿದರು. ನಮ್ಮ ದೇಶದಲ್ಲಿ ೨೦೨೪ರ ಅಕ್ಟೋಬರಿನಲ್ಲಿ, ಹೊರದೇಶದಿಂದ ಬರುತ್ತಿದ್ದರೂ ಭಾರತದ ನಂಬರನ್ನು ತೋರಿಸುವ ಕಳ್ಳಕರೆಗಳನ್ನು ಗಡಿಯಲ್ಲಿಯೇ ತಡೆಯುವ ಏರ್ಪಾಡನ್ನು ದೂರಸಂಪರ್ಕ ಇಲಾಖೆಯವರು ಆರಂಭಿಸಿದರು. ಇವೆಲ್ಲ ಒಳ್ಳೆಯವೇ. ಆದರೆ ಬೇಲಿ ಎಷ್ಟು ಎತ್ತರವಾದರೂ ಗೃಹಸ್ಥನು ಬಾಗಿಲು ಹಾಕಿಕೊಳ್ಳುವುದನ್ನು ಬಿಡತಕ್ಕದ್ದಲ್ಲ.

ಆ ಬಾಗಿಲು ಯಾವುದೆಂಬುದು ಇಷ್ಟು ಹೊತ್ತು ಹೇಳಿದುದರಿಂದಲೇ ಹೊರಡುತ್ತದೆ. 'ಇಂದ' ಎಂಬುದು ಬರಿಯ ಹೇಳಿಕೆ. 'ಗೆ' ಎಂಬುದು ಆಜ್ಞೆ. ನಮಗೆ ಬರುವ ಕರೆಯಲ್ಲಿ ಬ್ಯಾಂಕಿನ ನಂಬರು 'ಇಂದ' ಎಂಬ ಸ್ಥಾನದಲ್ಲಿರುತ್ತದೆ. ಅಲ್ಲಿ ಸುಳ್ಳು ನಡೆಯುತ್ತದೆ. ನಾವೇ ಬ್ಯಾಂಕಿಗೆ ಫೋನು ಮಾಡಿದಾಗ ಅದೇ ನಂಬರು 'ಗೆ' ಎಂಬ ಸ್ಥಾನಕ್ಕೆ ಹೋಗುತ್ತದೆ. ಆಗ ಎಕ್ಸ್‌ಚೇಂಜುಗಳು ಅದರ ನಿಜವಾದ ಒಡೆಯನನ್ನು ಹುಡುಕಿ ಗಂಟೆ ಬಾರಿಸುತ್ತವೆ. ಆದುದರಿಂದ ಬ್ಯಾಂಕು, ಪೊಲೀಸು, ಕಚೇರಿ, ಯಾವ ಹೆಸರಿನಲ್ಲಿ ಕರೆ ಬಂದು ಹಣದ ಮಾತೆತ್ತಿದರೂ, "ಸ್ವಲ್ಪ ಇರಿ, ನಾನೇ ಫೋನು ಮಾಡುತ್ತೇನೆ" ಎಂದು ಇಟ್ಟುಬಿಡತಕ್ಕದ್ದು. ಆಮೇಲೆ ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಂಬರನ್ನು ನೋಡಿ, ಅಂಕೆ ಅಂಕೆಯಾಗಿ ಒತ್ತಿ ಕರೆಯತಕ್ಕದ್ದು. ಅವರು ಹೇಳಿಕೊಟ್ಟ ಬೇರೆ ನಂಬರಿಗೆ ಕರೆಯಲಾಗದು. ತಂತಿಯ ಫೋನುಳ್ಳವರು ಸ್ವಲ್ಪ ಹೊತ್ತು ಬಿಟ್ಟು ಮಾಡುವುದು ಮೇಲು. ಹಳೆಯ ಎಕ್ಸ್‌ಚೇಂಜುಗಳಲ್ಲಿ ಕರೆದವನು ಇಡುವ ತನಕ ದಾರಿ ಕಡಿಯದಿರುವುದುಂಟು. ಆರು ಅಂಕೆಗಳನ್ನು ಮನೆಯ ಬೀಗದ ಕೈಯಂತೆ ತಿಳಿದು ಯಾರಿಗೂ ಹೇಳತಕ್ಕದ್ದಲ್ಲ.

ಇಷ್ಟಾಗಿಯೂ ಮೋಸವಾದರೆ, ಕೂಡಲೆ ೧೯೩೦ ಎಂಬ ಸರ್ಕಾರದ ನಂಬರಿಗೆ ಫೋನು ಮಾಡಿ ತಿಳಿಸಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುವಾಗಲೇ ಅದನ್ನು ಹಿಡಿಯಬೇಕು. ಮೊದಲ ಗಂಟೆಯ ಬೆಲೆ ಮರುದಿನಕ್ಕಿಲ್ಲ. ನಮ್ಮ ಮಿತ್ರರು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದ ಆ ಮೂರು ದಿನಗಳೇ ಅವರ ನಷ್ಟಗಳಲ್ಲೆಲ್ಲ ದೊಡ್ಡದು. ಮನೆಯ ಹಿರಿಯರು ಇಂಥ ಸಂಗತಿಯನ್ನು ಬಂದು ಹ​ೇಳಿದಾಗ, ಕಿರಿಯರು "ಇಷ್ಟೂ ತಿಳಿಯಲಿಲ್ಲವೆ?" ಎಂಬ ಒಂದು ಮಾತನ್ನು ಆಡದಿರಲಿ. ಆ ಮಾತಿನ ಭಯವೇ ಹಿರಿಯರ ಬಾಯಿಗೆ ಬೀಗ. ಕಳ್ಳನಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆಯಿಲ್ಲ. ಏಳೆಂಟು ವರ್ಷದ ಬಾಲಕನ ಶಿಳ್ಳೆಗೆ ಅಮೆರಿಕದ ಎಕ್ಸ್‌ಚೇಂಜುಗಳೇ ಮರುಳಾಗಿರುವಾಗ, ಮರ್ಯಾದೆಯಿಂದ ಮಾತನಾಡಿದವನನ್ನು ನಂಬಿದ ಮೇಷ್ಟ್ರೊಬ್ಬರು ತಲೆ ತಗ್ಗಿಸಬೇಕಾದುದೇನೂ ಇಲ್ಲ.

ಇದನ್ನು ಬರೆದು ಮುಗಿಸಿ ಅವರ ಮನೆಗೆ ಹೋಗಿ ಓದಿ ಹೇಳಿದೆವು. ಮಗನೂ ಸೊಸೆಯೂ ಪಕ್ಕದಲ್ಲಿ ಕುಳಿತು ಕೇಳಿದರು. ಮಿತ್ರರು ಕಣ್ಣು ಮುಚ್ಚಿ ಕೇಳುತ್ತಿದ್ದು, 'ಇಂದ'-'ಗೆ' ಎಂಬಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿ, ಇನ್ನೊಮ್ಮೆ ಓದಿಸಿದರು. "ಪಂಡಿತರೇ, ಹಾಗಾದರೆ ನಂಬರು ಸರಿಯಿತ್ತು, ಅದು ನಿಂತ ಸ್ಥಾನ ತಪ್ಪು. ಸ್ಥಾನಬೆಲೆಯ ಲೆಕ್ಕವನ್ನು ಐದನೆಯ ತರಗತಿಗೇ ಹೇಳಿಕೊಡುತ್ತಿದ್ದೆನಲ್ಲ!" ಎಂದರು. ಅವರು ನಕ್ಕದ್ದನ್ನು ತಿಂಗಳ ಮೇಲೆ ಕಂಡೆವು. ಮರುದಿನ ಸಂಜೆ ಐದು ಗಂಟೆಗೆ ನಾವು ಹೋಗುವ ಹೊತ್ತಿಗೆ ಜಗಲಿಯ ಮೇಲೆ ಬಂದು ಕುಳಿತಿದ್ದರು. ಶುಲ್ಕಕ್ಕೆ ಮಗನು ಬೇರೆ ಏರ್ಪಾಡು ಮಾಡಿದ್ದಾನೆ. ಹೋದ ಹಣದ ದೂರು ಪೊಲೀಸರ ಮುಂದಿದೆ.

ನೀರಿನ ಶೋಧನೆಯ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ತಪ್ಪದೆ ಬರೆಯುವೆವು.